ಆಡಿಗೆ ಕಲಿಸಿದ ಇಂಗ್ಲಿಷು

ಟಿವಿಯಲ್ಲಿ ಸುದ್ದಿ ಓದುವವರು 'ವಾರ್' ಎಂದರೆ ಸಾಕು, ನನ್ನ ಬಾಯಿ ನನ್ನ ಮಾತು ಕೇಳುವುದಿಲ್ಲ. ಬ್ಯಾಟಲ್, ಫೈಟ್, ಕಾಂಬ್ಯಾಟ್, ಕಾನ್‌ಫ್ಲಿಕ್ಟ್, ಸ್ಟ್ರೈಫ್, ಸ್ಟ್ರಗಲ್, ಸ್ಕರ್ಮಿಶ್, ಫ್ಯೂಡ್, ಸೀಜ್, ಕ್ಯಾಂಪೇನ್, ಹಾಸ್ಟಿಲಿಟೀಸ್. ಒಂದರ ಹಿಂದೆ ಒಂದು ಬರುತ್ತವೆ, ನಡುವೆ ಉಸಿರು ಬಿಡಲೂ ಪುರಸೊತ್ತಿಲ್ಲ. ಪಕ್ಕದಲ್ಲಿ ಚಹಾ ಕುಡಿಯುತ್ತಿರುವ ನನ್ನ ಯಜಮಾನರು ಕಪ್ಪು ಕೆಳಗಿಟ್ಟು, "ಸುದ್ದಿ ಕೇಳಾಕ ಬಿಡ್ತೀಯೋ ಇಲ್ಲೋ?" ಎನ್ನುತ್ತಾರೆ. ಬಿಡುತ್ತೇನೆ, ಆದರೆ ಪಟ್ಟಿ ಮುಗಿದ ಮೇಲೆ. ನಡುವೆ ನಿಲ್ಲಿಸಿದರೆ ಮತ್ತೆ ಮೊದಲಿನಿಂದ ಹೇಳಬೇಕಾಗುತ್ತದೆ. ಅದು ನನ್ನ ತಲೆಯ ದೋಷ.

ನಗಬೇಡಿ. ನನಗೆ ಬರುವ ಇಂಗ್ಲಿಷಿನಲ್ಲಿ ಅರ್ಧಕ್ಕರ್ಧ ಯುದ್ಧವೇ ಇದೆ. ಗ್ಯಾಸು, ಮೊಬೈಲು, ಬಸ್ ಸ್ಟ್ಯಾಂಡು ಇವನ್ನೆಲ್ಲ ನಾನು ಇಂಗ್ಲಿಷ್ ಎಂದು ಹಿಡಿಯುವುದೇ ಇಲ್ಲ, ಅವು ನಮ್ಮ ಮೂಡಲಗಿ ಸಂತೆಯಲ್ಲೇ ಸಿಗುತ್ತವೆ. ಅವನ್ನು ಬಿಟ್ಟರೆ, ನಾಳೆ ಒಬ್ಬ ಇಂಗ್ಲಿಷಿನವನು ನಮ್ಮ ಬಾಗಿಲಿಗೆ ಬಂದು ನಿಂತರೆ ಅವನಿಗೆ ನೀರು ಬೇಕೇ ಎಂದು ಕೇಳಲು ನಾನು ತಡವರಿಸಬೇಕು. ಅವನೊಂದಿಗೆ ಜಗಳ ತೆಗೆಯುವುದಾದರೆ ಮಾತ್ರ ಬೇಕಾದಷ್ಟು ಸಾಮಾನು ಮನೆಯಲ್ಲಿದೆ.

ನನ್ನ ಹೆಸರು ಶಮಶಾದ. ವಯಸ್ಸು ನಲವತ್ತಾರು. ಮೂಡಲಗಿಯಲ್ಲಿ ನಮ್ಮದೊಂದು ಗಾದಿ ಅಂಗಡಿ. ಯಜಮಾನರು ಹತ್ತಿ ತುಂಬಿ ಗಾದಿ ಹೊಲಿಯುತ್ತಾರೆ, ನಾನು ಹಳೆಯ ಸೀರೆ ಧೋತರಗಳನ್ನು ಕೂಡಿಸಿ ಕೌದಿ ಹೊಲಿಯುತ್ತೇನೆ. ತವರು ಹುಕ್ಕೇರಿ ತಾಲೂಕಿನ ಕಣಗಲಾ, ಹೆದ್ದಾರಿಯ ಬದಿಯ ಊರು. ಚಿಕ್ಕವಳಿದ್ದಾಗ ಲಾರಿಗಳ ಹಿಂದೆ ಬರೆದ ಇಂಗ್ಲಿಷನ್ನು ರಸ್ತೆಯ ಪಕ್ಕ ನಿಂತು ಗಟ್ಟಿಯಾಗಿ ಓದುತ್ತಿದ್ದೆ. ಅಬ್ಬಾ ಅದನ್ನು ಕೇಳಿ ಊರ ತುಂಬ ಹೇಳಿಕೊಂಡು ಬಂದರು, "ನಮ್ಮ ಶಮ್ಮಾ ಇಂಗ್ಲಿಷ್‌ದಾಗ ಭಾಳ ಶಾಣ್ಯಾಕಿ" ಅಂತ. ಹಾರ್ನ್ ಹೊಡೆಯಿರಿ ಎಂಬುದರಿಂದಾಚೆ ನನ್ನ ಇಂಗ್ಲಿಷು ಹೋಗಿರಲಿಲ್ಲವೆಂದು ಪಾಪ, ಅವರಿಗೇನು ಗೊತ್ತು! ಎಸ್ಸೆಸ್ಸೆಲ್ಸಿಯಲ್ಲಿ ಐದು ವಿಷಯ ದಾಟಿದೆ. ಇಂಗ್ಲಿಷಿನಲ್ಲಿ ಬಿದ್ದೆ. ಮತ್ತೆ ಕೂರುತ್ತೇನೆ ಎನ್ನುವಷ್ಟರಲ್ಲಿ ಮದುವೆ ಗೊತ್ತಾಯಿತು, ಪುಸ್ತಕಗಳನ್ನು ತಂಗಿಗೆ ಕೊಟ್ಟು ಮೂಡಲಗಿಗೆ ಬಂದೆ.

ಬಂದ ಮನೆಯಲ್ಲಿ ನನಗಿಂತ ಮೊದಲೇ ಜುಬೇದಾ ಭಾಬಿ ಇದ್ದರು. ನನ್ನ ಗಂಡನ ಅಣ್ಣನ ಹೆಂಡತಿ, ನನಗೆ ಹಿರಿಯ ನೆಗೆಣ್ಣಿ. ಓದಿದವರು. ಹುಕ್ಕೇರಿಯ ಒಂದು ಹೈಸ್ಕೂಲಿನಲ್ಲಿ ಟೀಚರು. ಏನು ಕಲಿಸುತ್ತಾರೆ ಗೊತ್ತೇ? ಇಂಗ್ಲಿಷು. ನಾನು ಬಿದ್ದ ಬಾವಿಯ ನೀರನ್ನೇ ಅವರು ದಿನಾ ಸೇದಿ ಸೇದಿ ಮಕ್ಕಳಿಗೆ ಹಂಚುತ್ತಿದ್ದರು. ಆದರೂ ಹತ್ತೊಂಬತ್ತು ಇಪ್ಪತ್ತು ವರ್ಷ ನಾವಿಬ್ಬರೂ ಚೆನ್ನಾಗಿದ್ದೆವು. ಮನೆ ಎರಡು ಪಾಲಾಗಿ ಹಿತ್ತಿಲ ನಡುವೆ ಎದೆಮಟ್ಟದ ಗೋಡೆ ಬಂದ ಮೇಲೂ ಚೆನ್ನಾಗಿದ್ದೆವು. ಆ ಗೋಡೆಯ ಮೇಲೆ ಮೊಣಕೈ ಊರಿ ಮಾತಾಡುತ್ತ ನಿಂತರೆ ಎರಡೂ ಒಲೆಯ ಮೇಲಿನ ಹಾಲು ಉಕ್ಕುತ್ತಿತ್ತು.

ಮಾತು ನಿಂತದ್ದು ಒಂಬತ್ತು ವರ್ಷದ ಹಿಂದೆ. ಭಾಬಿಯ ಮಗಳನ್ನು ನೋಡಲು ಗೋಕಾಕದಿಂದ ಬೀಗರಾಗುವವರು ಬಂದಿದ್ದರು. ನಾನು ಸೀರಾದ ಪ್ಲೇಟುಗಳನ್ನು ಹಿಡಿದುಕೊಂಡು ಪಡಸಾಲೆಗೆ ಬಂದೆ. ಹುಡುಗನ ಸೋದರತ್ತೆ ಅಕ್ಕರೆಯಿಂದಲೇ ಕೇಳಿದರು, "ನೀವೆಷ್ಟು ಕಲ್ತೀರಿ ತಂಗಿ?" ನಾನು ಬಾಯಿ ತೆರೆಯುವ ಮೊದಲೇ ಭಾಬಿ ಹೇಳಿದರು, "ಆಕಿ ಎಸ್ಸೆಸ್ಸೆಲ್ಸಿ ನಾಪಾಸ್ರಿ. ಇಂಗ್ಲಿಷ್‌ದಾಗ ಹೋಗೈತಿ."

ಶಾಲೆಯ ಬೋರ್ಡಿನ ಮೇಲಿನ ರಿಸಲ್ಟನ್ನು ಓದಿ ಹೇಳುವ ಹಾಗೆ ಹೇಳಿದರು. ಕೆಡುಕಿನ ಮಾತಲ್ಲ ಎಂದು ಈಗ ಅನ್ನಿಸುತ್ತದೆ. ಅಂದು ಅನ್ನಿಸಲಿಲ್ಲ. ಬಂದವರಲ್ಲಿ ಒಬ್ಬರು ನಕ್ಕರು, ಉಳಿದವರು ಸೀರಾ ನೋಡಿದರು. ನನಗೆ ಬಹಳ ನೋವಾಯಿತು, ಅದನ್ನು ಮುಚ್ಚಿಡುವುದೇನು. ಪ್ಲೇಟು ಕೆಳಗಿಟ್ಟು ಹಿತ್ತಿಲ ಬಾಗಿಲಿನಿಂದ ನಮ್ಮ ಮನೆಗೆ ಬಂದೆ. ಮರುದಿನ ನಾನು ಮಾತಾಡಲಿಲ್ಲ. ಅವರು ಒಂದು ದಿನ ಕಾದರು, ಎರಡು ದಿನ ಕಾದರು, ಮೂರನೆಯ ದಿನ ಅವರೂ ಬಿಟ್ಟರು.

ನಮ್ಮ ಕಡೆ ಮಾತು ಬಿಡುವುದೆಂದರೆ ಬಾಯಿ ಮುಚ್ಚಿಕೊಂಡು ಕೂರುವುದಲ್ಲ. ಅದಕ್ಕೂ ರೀತಿ ರಿವಾಜು ಇದೆ. ಮುಖ ನೋಡಿ ಮಾತಾಡುವಂತಿಲ್ಲ, ಆದರೆ ಹೇಳಬೇಕಾದದ್ದನ್ನು ಹೇಳದೆ ಇರುವಂತಿಲ್ಲ. ಆದ್ದರಿಂದ ನಡುವೆ ಒಂದು ಜೀವ ಬೇಕು. ಭಾಬಿ ಆಡು ಸಾಕಿದ್ದರು. ಎಲ್ಲವನ್ನೂ ಆಡಿಗೆ ಹೇಳುವುದು. "ಇವತ್ತ ನಳಾ ಬರಂಗಿಲ್ಲಂತ, ನೀರ ತುಂಬಿಟ್ಟಕೋ ಅಂತ ಹೇಳು" ಎಂದು ಅವರು ಆಡಿಗೆ ಹೇಳಿದರೆ ನಾನು ಈ ಕಡೆ ಕೊಡ ತೆಗೆಯುವುದು. ಮೊದಮೊದಲು ಅವರು ಹೋತ ಸಾಕುತ್ತಿದ್ದರು. ಪ್ರತಿ ಬಕ್ರೀದಿಗೆ ನಮ್ಮ ದೂತ ಬದಲಾಗುತ್ತಿದ್ದ, ಹೊಸಬನಿಗೆ ನಮ್ಮ ಜಗಳ ಅರ್ಥವಾಗುವಷ್ಟರಲ್ಲಿ ಮತ್ತೆ ಹಬ್ಬ ಬರುತ್ತಿತ್ತು. ಆಮೇಲೆ ಹಾಲಿಗೆಂದು ಒಂದು ಬಿಳಿ ಆಡು ತಂದರು. ಹೆಸರು ಚಾಂದನಿ. ಐದು ವರ್ಷದಿಂದ ಆಕೆಯದೇ ಖಾಯಂ ನೌಕರಿ.

ಊಟದ ರಿವಾಜೇ ಬೇರೆ. ಒಳ್ಳೆಯದೇನಾದರೂ ಮಾಡಿದರೆ ತಟ್ಟೆಯಲ್ಲಿ ಮುಚ್ಚಿ ಗೋಡೆಯ ಮೇಲಿಡಬೇಕು, ಕೈಗೆ ಕೊಡುವಂತಿಲ್ಲ. ಬಂದ ತಟ್ಟೆಯನ್ನು ಬರಿದು ಕಳಿಸುವಂತಿಲ್ಲ. ಹೀಗಾಗಿ ಒಂದು ಸಲ ಅವರು ಎಣ್ಣೆಗಾಯಿ ಇಟ್ಟರೆಂದು ನಾನು ಮಾದಲಿ ಇಟ್ಟು, ಅದಕ್ಕೆ ಅವರು ಶೇಂಗಾ ಹೋಳಿಗೆ ಇಟ್ಟು, ಆ ತಟ್ಟೆ ಒಂಬತ್ತು ವರ್ಷದಲ್ಲಿ ಒಂದು ವಾರವೂ ಒಂದು ಕಡೆ ನಿಂತಿಲ್ಲ. ಅಣ್ಣ ತಮ್ಮಂದಿರಿಬ್ಬರೂ ಈ ಜಗಳಕ್ಕೆ ಸೇರಲೇ ಇಲ್ಲ. ದಿನಾ ಬೆಳಿಗ್ಗೆ ಕಟ್ಟೆಯ ಮೇಲೆ ಕೂತು ಒಂದೇ ಪೇಪರನ್ನು ಹರಿದು ಹಂಚಿಕೊಂಡು ಓದುತ್ತಾರೆ.

ಈಗ ಪರೀಕ್ಷೆಯ ವಿಷಯಕ್ಕೆ ಬರುತ್ತೇನೆ. ಹೋದ ವರ್ಷ ನನ್ನ ಮಗಳು ಸಾನಿಯಾ ಗೋಕಾಕದಲ್ಲಿ ಕಾಲೇಜಿಗೆ ಸೇರಿದಳು. ಅರ್ಜಿ ತುಂಬುತ್ತ ಕೂತವಳು ಒಂದು ಕಡೆ ಪೆನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. "ಮಮ್ಮಿ, ತಾಯಿ ಎಷ್ಟ ಕಲ್ತಾರ ಅಂತ ಕೇಳ್ಯಾರ. ಏನ ಬರೀಲಿ?" ನಾನು ಒಲೆಯ ಕಡೆ ತಿರುಗಿದೆ. ಅವಳು ಒಳ್ಳೆಯ ಹುಡುಗಿ, ನಾಪಾಸು ಎಂದು ಬರೆಯಲಿಲ್ಲ. ಅಲ್ಲಿ ಒಂದು ಸಣ್ಣ ಗೆರೆ ಎಳೆದು ಮುಂದೆ ಹೋದಳು.

ಆ ಗೆರೆ ನನ್ನ ಕಣ್ಣಿಗೆ ಚುಚ್ಚಿತು. ಇಷ್ಟು ಕೌದಿ ಹೊಲಿದಿದ್ದೇನೆ, ಮನೆ ನಡೆಸಿದ್ದೇನೆ, ನನ್ನ ಮುಂದೆ ಗೆರೆ ಎಳೆಯುವ ಹಾಗಾಯಿತಲ್ಲ! ಅಂದೇ ಸಾನಿಯಾಳಿಗೆ ಹೇಳಿದೆ, "ನನ್ನ ಹೆಸರಿಲೆ ಒಂದ ಎಸ್ಸೆಸ್ಸೆಲ್ಸಿ ಅರ್ಜಿ ತುಂಬು." ಹಳೆಯ ಅಂಕಪಟ್ಟಿ ನಡೆಯುವುದಿಲ್ಲ, ಖಾಸಗಿಯಾಗಿ ಆರೂ ವಿಷಯ ಹೊಸದಾಗಿ ಬರೆಯಬೇಕು ಎಂದಳು. ಬರೆಯುತ್ತೇನೆ ಎಂದೆ. ಮನಸ್ಸಿನಲ್ಲಿ ಎರಡು ಹಟ ಹಿಡಿದೆ. ಒಂದು, ಇಂಗ್ಲಿಷಿನಲ್ಲಿ ಪಾಸಾಗಲೇಬೇಕು. ಎರಡು, ಅದಕ್ಕಾಗಿ ಗೋಡೆಯಾಚೆಯ ಟೀಚರ ಮುಂದೆ ಬಾಯಿ ಬಿಡಬಾರದು.

ಉಳಿದ ಐದು ವಿಷಯ ಹೇಗೋ ನಡೆದವು. ಇಂಗ್ಲಿಷಿಗೆ ಒಂದು ಗೈಡು ತಂದೆ. ಸಂಜೆ ಹಿತ್ತಿಲಲ್ಲಿ ಗೋಡೆಗೆ ಬೆನ್ನು ಕೊಟ್ಟು ಕೂತು, ತೊಡೆಯ ಮೇಲೆ ಕೌದಿ, ಎದುರಿಗೆ ಗೈಡು ಇಟ್ಟುಕೊಂಡು ಗಟ್ಟಿಯಾಗಿ ಓದುವುದು. ಗಟ್ಟಿಯಾಗಿ ಓದದಿದ್ದರೆ ನನ್ನ ತಲೆಗೆ ಹತ್ತುವುದಿಲ್ಲ. ಮೂರನೆಯ ದಿನ 'ಕ್ನೈಟ್' ಎಂದು ಓದಿದೆ. ಗೋಡೆಯಾಚೆ ಬಕೆಟ್ಟು ಕೆಳಗಿಟ್ಟ ಸದ್ದಾಯಿತು.

"ಚಾಂದನಿ, ಅದು ನೈಟ್. ಅಲ್ಲಿ ಕೆ ಸುಮ್ಮನ ಕುಂದರ್ತೈತಿ, ಮಾತಾಡಂಗಿಲ್ಲ. ಕೆಲವರ ಮನ್ಯಾಗ ಕೆಲವರು ಕುಂದ್ರೂಹಂಗ."

ನಾನು ಸೂಜಿ ಬಿಟ್ಟು ಕೂತೆ. ಸಿಟ್ಟು ಬಂತು, ನಗುವೂ ಬಂತು, ಯಾವುದನ್ನು ಮೊದಲು ಮಾಡಬೇಕೋ ತಿಳಿಯಲಿಲ್ಲ. ಮರುದಿನ ಬೇಕೆಂದೇ ಇನ್ನಷ್ಟು ಗಟ್ಟಿಯಾಗಿ ಓದಿದೆ. ಚಾಂದನಿಗೆ ಇನ್ನೆರಡು ತಪ್ಪು ತಿದ್ದಿಸಿಕೊಳ್ಳುವ ಯೋಗ ಬಂತು. ಹೀಗೆ ಪಾಠ ಶುರುವಾಯಿತು. ಯಾರೂ ಯಾರನ್ನೂ ಕೇಳಿಕೊಳ್ಳಲಿಲ್ಲ.

ಭಾಬಿ ಹುಕ್ಕೇರಿಯಿಂದ ಗೋಕಾಕಕ್ಕೆ ಒಂದು ಬಸ್ಸು, ಗೋಕಾಕದಿಂದ ಮೂಡಲಗಿಗೆ ಇನ್ನೊಂದು ಬಸ್ಸು ಹಿಡಿದು ಸಂಜೆ ಮನೆಗೆ ಬರುತ್ತಾರೆ. ಮುಖ ತೊಳೆದು ಚಹಾ ಕುಡಿದದ್ದೇ ಹಿತ್ತಿಲಿಗೆ ಬಂದು, ಆಡಿಗೆ ಸೊಪ್ಪು ಹಾಕುವ ನೆಪದಲ್ಲಿ ಒಂದು ತಾಸು ಪಾಠ ಹೇಳುತ್ತಿದ್ದರು. ಒಮ್ಮೆ ಮೇಲವಂಕಿಯಿಂದ ಕೌದಿ ಒಯ್ಯಲು ಬಂದ ಒಬ್ಬ ಹೆಣ್ಣುಮಗಳು ಇದನ್ನು ಕೇಳಿ ಗಾಬರಿಯಾದಳು. "ಅಲ್ರಿ ಅಕ್ಕಾರ, ಮೂಡಲಗ್ಯಾಗ ಆಡಿಗೂ ಇಂಗ್ಲಿಷ್ ಮೀಡಿಯಮ್ಮೇನ್ರಿ?" ಎಂದಳು. ಹೌದು, ಫೀಜು ಮಾತ್ರ ಇಲ್ಲ ಎಂದೆ.

ಪಟ್ಟಿಯ ಕಥೆ ಇನ್ನು ಬರುತ್ತದೆ. ಗೈಡಿನಲ್ಲಿ ಯಾರೋ ರಾಜನ ಪಾಠವಿತ್ತು. ಪಾಠದ ಕೊನೆಗೆ, ವಾರ್ ಶಬ್ದಕ್ಕೆ ಸಮನಾದ ಶಬ್ದಗಳನ್ನು ಬರೆಯಿರಿ ಎಂದು ಕೇಳಿ ಕೆಳಗೆ ಹನ್ನೊಂದು ಶಬ್ದ ಕೊಟ್ಟಿದ್ದರು. ನಾನು ಓದಿ ಮುಗಿಸಿ ಗೋಡೆಗೆ ಕೇಳುವಂತೆ ಗೊಣಗಿದೆ, "ಎಲ್ಲಾ ಒಂದ. ಜಗಳಾ ಅಂದ್ರ ಮುಗೀತು. ಹನ್ನೊಂದು ಯಾಕ ಬೇಕು?"

"ಚಾಂದನಿ, ಎಲ್ಲಾ ಒಂದ ಆಗಿದ್ರ ಇಂಗ್ಲಿಷಿನವರು ಹನ್ನೊಂದು ಇಟ್ಟಕೊಂಡು ಉಪ್ಪಿನಕಾಯಿ ಹಾಕ್ತಿದ್ರೇನು? ವಾರ್ ಅಂದ್ರ ಇಡೀ ಕೌದಿ. ಬ್ಯಾಟಲ್ ಅಂದ್ರ ಅದರಾಗಿನ ಒಂದ ತುಂಡು. ಇಡೀ ಕೌದಿ ಹೊಲ್ಯಾಕಿಗೆ ಇಷ್ಟೂ ತಿಳಿಬಾರದೇನು?"

ನಿಜ ಹೇಳುತ್ತೇನೆ, ಆ ಒಂದು ಮಾತಿಗೆ ನನ್ನ ತಲೆಯಲ್ಲಿ ದೀಪ ಹಚ್ಚಿದಂತಾಯಿತು. ಮೂವತ್ತು ವರ್ಷದ ಹಿಂದೆ ಕಣಗಲಾದಲ್ಲಿ ಯಾರಾದರೂ ಹೀಗೆ ಹೇಳಿದ್ದರೆ ನಾನು ಬೀಳುತ್ತಲೇ ಇರಲಿಲ್ಲ. ಮುಂದೆ ಎಷ್ಟೋ ಸಂಜೆ ಆ ಹನ್ನೊಂದರಲ್ಲೇ ಕಳೆದವು. ಪರೀಕ್ಷೆಗೆ ಅಷ್ಟೊಂದು ಬೇಕಾಗಿರಲಿಲ್ಲ. ನಮಗಿಬ್ಬರಿಗೆ ಬೇಕಾಗಿತ್ತು. ಒಂದೊಂದು ಶಬ್ದಕ್ಕೂ ಭಾಬಿ ನನ್ನನ್ನೇ ಉದಾಹರಣೆ ಮಾಡುತ್ತಿದ್ದರು. ಸ್ಕರ್ಮಿಶ್ ಎಂದರೆ ಎರಡು ಸಣ್ಣ ದಂಡು ಎದುರಾದಾಗ ನಡೆಯುವ ಚಕಮಕಿ. "ಶ್ರಾವಣದಾಗ ನಳದ ಮುಂದ ಕೊಡಾ ಎತ್ತಿಕೊಂಡ ಕೆಲವರು ಮಾಡಿದ್ರಲ್ಲಾ, ಅಂಥಾದ್ದು." ನಾನೇನು ಸುಮ್ಮನಿರುತ್ತೇನೆಯೇ? ಸ್ಟ್ರೈಫ್ ಎಂದರೆ ಒಂದೇ ಮನೆಯೊಳಗಿನ ತಿಕ್ಕಾಟ ಎಂದಾಗ, "ಚಾಂದನಿ, ದಿನಾ ಬೆಳಿಗ್ಗಿ ಇಸ್ತ್ರಿ ಸೀರಿ ಸಲುವಾಗಿ ಆ ಕಡಿ ಮನ್ಯಾಗ ಆಗ್ತೈತಲ್ಲಾ, ಅದೇನು?" ಎಂದು ಕೇಳಿದೆ. ಆ ದಿನ ಪಾಠ ಬೇಗ ಮುಗಿಯಿತು.

ಸೀಜ್ ಎಂದರೆ ಮುತ್ತಿಗೆ. ಕೋಟೆಯನ್ನು ಸುತ್ತುವರಿದು ಒಳಗೆ ಕಾಳು ಕಡ್ಡಿ ಹೋಗದಂತೆ ಮಾಡುವುದು. ಅದನ್ನು ಕೇಳಿ ನನಗೆ ಹಿಂದಿನ ಒಂದು ಮಳೆಗಾಲ ನೆನಪಾಯಿತು. ನಾನೂ ಯಜಮಾನರೂ ಜ್ವರ ಬಂದು ಒಟ್ಟಿಗೆ ಮಲಗಿದ್ದೆವು. ಒಂದು ವಾರ ಎರಡು ಹೊತ್ತೂ ಗೋಡೆಯ ಮೇಲೆ ಗಂಜಿ ಬಂದಿತ್ತು, ಮೇಲೊಂದು ಮೂಸಂಬಿ. "ಚಾಂದನಿ, ಹಂಗಾದ್ರ ನಮ್ಮದು ಸೀಜ್ ಅಲ್ಲಂತ ಹೇಳು. ಇಲ್ಲಿ ಗಂಜಿ ಬಂದ ಬರ್ತೈತಿ" ಎಂದೆ. ಆಚೆ ಏನೋ ಸದ್ದಾಯಿತು. ಕೆಮ್ಮೋ ನಗುವೋ ತಿಳಿಯಲಿಲ್ಲ. ಭಾಬಿ ಎರಡನ್ನೂ ಒಂದೇ ರೀತಿ ಮಾಡುತ್ತಾರೆ.

ಟ್ರೂಸ್ ಎಂಬ ಶಬ್ದ ಪಟ್ಟಿಯಲ್ಲಿರಲಿಲ್ಲ, ಅವರೇ ಸೇರಿಸಿ ಹೇಳಿದರು. ಯುದ್ಧವನ್ನು ಸ್ವಲ್ಪ ಹೊತ್ತು ನಿಲ್ಲಿಸುವ ಒಪ್ಪಂದವಂತೆ. ಇದನ್ನು ನನಗೆ ಯಾರೂ ಕಲಿಸಬೇಕಾಗಿರಲಿಲ್ಲ. ಬೆಲ್ಲದ ಬಾಗೇವಾಡಿಯಲ್ಲಿದ್ದ ನನ್ನ ನಾನಿ, ಅಂದರೆ ಅಮ್ಮನ ತಾಯಿ, ಇದರಲ್ಲಿ ಪಳಗಿದವರು. ನಾನಿಗೂ ಪಕ್ಕದ ಮನೆಯ ಗೌರವ್ವಾಯಿಗೂ ಮೆಣಸಿನಕಾಯಿ ಒಣಹಾಕುವ ಜಾಗಕ್ಕಾಗಿ ಪ್ರತಿ ಬೇಸಿಗೆ ಜಗಳ. ಬೆಳಿಗ್ಗೆ ಶುರುವಾದದ್ದು ಮಧ್ಯಾಹ್ನ ರೊಟ್ಟಿಯ ಹೊತ್ತಾದರೂ ಮುಗಿಯುತ್ತಿರಲಿಲ್ಲ. ಆಗ ನಾನಿ ಒಂದು ಬಿದಿರಿನ ಬುಟ್ಟಿ ತಂದು ಎರಡೂ ಅಂಗಳದ ನಡುವೆ ಬೋರಲು ಹಾಕಿ, "ಗೌರವ್ವಾ, ಜಗಳಾ ಇದರಾಗ ಮುಚ್ಚಿಟ್ಟೇನಿ. ರೊಟ್ಟಿ ಬಡದ ಬರ್ತೇನಿ" ಎನ್ನುತ್ತಿದ್ದರು. "ಹೋಗಿ ಬಾ ಬೀಬಿ, ನಂದೂ ಒಲಿ ಆರಾಕತ್ತೈತಿ" ಎಂದು ಆಕೆ ಒಳಗೆ ಹೋಗುತ್ತಿದ್ದಳು. ಬುಟ್ಟಿ ಬೋರಲಿರುವಷ್ಟು ಹೊತ್ತು ಇಬ್ಬರೂ ಉಪ್ಪು ಕೇಳಬಹುದು, ಬೆಂಕಿ ಕೇಳಬಹುದು. ಊಟ ಮುಗಿದ ಮೇಲೆ ನಾನಿ ಬುಟ್ಟಿ ಎತ್ತಿ, ಬಿಟ್ಟಲ್ಲಿಂದಲೇ ಬೈಗುಳ ಮುಂದುವರಿಸುತ್ತಿದ್ದರು. ಒಮ್ಮೆ ನಾನು ಆಟಕ್ಕೆಂದು ಆ ಬುಟ್ಟಿ ಎತ್ತಿಬಿಟ್ಟೆ. ಇಬ್ಬರೂ ಹಿಟ್ಟಿನ ಕೈಯಲ್ಲೇ ಓಡಿ ಬಂದು ಒಟ್ಟಾಗಿ ನನ್ನನ್ನು ಬೈದರು. ಅವರಿಬ್ಬರೂ ಒಂದು ಪಕ್ಷವಾದದ್ದನ್ನು ನಾನು ನೋಡಿದ್ದು ಅಂದು ಮಾತ್ರ.

ಇದನ್ನೆಲ್ಲ ಚಾಂದನಿಗೆ ಹೇಳಿದೆ. ಆಚೆ ಸೊಪ್ಪು ಮುರಿಯುವ ಸದ್ದು ನಿಂತಿತ್ತು. ಭಾಬಿ ಪೂರ್ತಿ ಕೇಳಿದರು.

ಫ್ಯೂಡ್ ಶಬ್ದ ಬಂದ ದಿನ ಮಾತ್ರ ಯಾರೂ ನಗಲಿಲ್ಲ. "ಚಾಂದನಿ, ಫ್ಯೂಡ್ ಅಂದ್ರ ಮನಿ ಮನಿ ನಡುವ ವರ್ಷಾನಗಟ್ಟಲೆ ನಡಿಯೋ ಹಗೆ. ಕಾರಣ ಏನಂತ ಮಂದಿಗೆ ಮರತ ಹೋಗಿರ್ತೈತಿ, ಆದ್ರೂ ನಡಸ್ತಾರ."

ನನ್ನ ಕೈಯಲ್ಲಿದ್ದ ಸೂಜಿ ನಿಂತಿತು. "ಚಾಂದನಿ, ಇಲ್ಲಿ ಕಾರಣ ಯಾರೂ ಮರತಿಲ್ಲಂತ ಹೇಳು" ಎಂದೆ.

ಆಚೆ ಸೊಪ್ಪಿನ ಕಟ್ಟು ಕೆಳಗಿಟ್ಟ ಸದ್ದಾಯಿತು. ಒಳಗೆ ಹೋದರೇನೋ ಎಂದುಕೊಂಡೆ. ಆಮೇಲೆ ಮೆಲ್ಲಗಿನ ದನಿ ಬಂತು. "ನಾನೂ ಮರತಿಲ್ಲಂತ ಹೇಳು, ಚಾಂದನಿ. ಒಂದ ದಿನಾನೂ ಮರತಿಲ್ಲ."

ಆ ಸಂಜೆ ನಾನು ಹೊಲಿದ ಹೊಲಿಗೆಯೆಲ್ಲ ಸೊಟ್ಟಗಾಗಿತ್ತು, ಬಿಚ್ಚಿ ಮತ್ತೆ ಹಾಕಬೇಕಾಯಿತು. ನಮ್ಮ ಜಗಳ ಈ ಹನ್ನೊಂದರಲ್ಲಿ ಯಾವುದು ಎಂಬ ಯೋಚನೆ ಅಂದಿನಿಂದ ಹಿಡಿದುಕೊಂಡಿತು. ಸಾನಿಯಾ, "ನಿಮ್ಮದು ಕೋಲ್ಡ್ ವಾರ್ ಮಮ್ಮಿ" ಎಂದಳು. ಕಾಲೇಜಿನಲ್ಲಿ ಹೇಳಿಕೊಟ್ಟಿದ್ದರಂತೆ. ಆದರೆ ಬಿಸಿ ಗಂಜಿ ಬರುವ ಯುದ್ಧ ಹೇಗೆ ತಣ್ಣಗಾಗುತ್ತದೆ? ಒಂದೊಂದೇ ಶಬ್ದ ತೆಗೆದು ನಮ್ಮ ಗೋಡೆಯ ಮೇಲಿಟ್ಟು ನೋಡಿದೆ. ಯಾವುದೂ ಕೂಡಲಿಲ್ಲ. ಇಷ್ಟು ದೊಡ್ಡ ಭಾಷೆ, ಜಗತ್ತೆಲ್ಲ ಆಳಿದ್ದು, ನಾವಿಬ್ಬರು ಹೆಂಗಸರು ಮಾಡುತ್ತಿರುವುದಕ್ಕೆ ಅದರಲ್ಲಿ ಹೆಸರಿಲ್ಲ.

ಮಾರ್ಚಿನಲ್ಲಿ ಪರೀಕ್ಷೆ. ಗೋಕಾಕದ ಒಂದು ಹೈಸ್ಕೂಲು ನನ್ನ ಕೇಂದ್ರ. ಇಂಗ್ಲಿಷಿನ ದಿನ ಹಾಲ್ ಟಿಕೆಟ್ ಹಿಡಿದು ಕೋಣೆಯೊಳಗೆ ಕಾಲಿಟ್ಟರೆ ಬಾಗಿಲಲ್ಲಿ ಕೂತಿದ್ದ ಎಳೆಯ ಮಾಸ್ತರರು ತಡೆದರು. "ಪಾಲಕರು ಗೇಟ್ ಹೊರಗ ನಿಂ‌ದ್ರಬೇಕ್ರಿ ಅಮ್ಮಾರ."

"ಪಾಲಕರಲ್ರಿ ಸರ್. ನಾನ ಬರಿಯಾಕ ಬಂದೇನಿ."

ಅವರು ಹಾಲ್ ಟಿಕೆಟ್ಟಿನ ಫೋಟೊ ನೋಡಿದರು, ನನ್ನ ಮುಖ ನೋಡಿದರು, ಪಾಪ, ಎದ್ದು ನಿಂತೇ ನನ್ನ ಬೆಂಚು ತೋರಿಸಿದರು. ಆ ಬೆಂಚು ಹದಿನಾರು ವರ್ಷದವರಿಗಾಗಿ ಮಾಡಿದ್ದು. ನಾನು ಹೇಗೆ ಒಳಗೆ ಹೊಕ್ಕೆನೆಂಬುದನ್ನು ಬರೆಯುವುದಿಲ್ಲ, ಮರ್ಯಾದೆಯ ಪ್ರಶ್ನೆ. ಪ್ರಶ್ನಪತ್ರಿಕೆ ಬಂತು. ಮೊದಲಿನಿಂದ ಕೊನೆಯವರೆಗೆ ಬೆರಳಿಟ್ಟು ಹುಡುಕಿದೆ. ನಂಬಿದರೆ ನಂಬಿ, ಬಿಟ್ಟರೆ ಬಿಡಿ, ಯುದ್ಧದ ಒಂದೇ ಒಂದು ಶಬ್ದವನ್ನೂ ಅವರು ಕೇಳಿರಲಿಲ್ಲ! ಇಡೀ ದಂಡು ಕಟ್ಟಿಕೊಂಡು ಹೋದವಳಿಗೆ ಅಲ್ಲಿ ಗಿಡ ನೆಡುವುದರ ಮೇಲೆ, ಹಕ್ಕಿಯ ಮೇಲೆ, ಹಾಳು ಪ್ಲಾಸ್ಟಿಕ್ಕಿನ ಮೇಲೆ ಪ್ರಶ್ನೆಗಳು. ಬಂದಷ್ಟು ಬರೆದೆ, ಒಂದನ್ನೂ ಖಾಲಿ ಬಿಡಲಿಲ್ಲ.

ಕೊನೆಗೆ ಪ್ರಬಂಧ: ನಿಮ್ಮ ಮೆಚ್ಚಿನ ಶಿಕ್ಷಕರು. ಗೈಡಿನಲ್ಲಿ ಇದು ಸಿದ್ಧವಾಗಿತ್ತು, ನನಗೆ ಬಾಯಿಪಾಠವೂ ಆಗಿತ್ತು. ಅದರಲ್ಲಿನ ಶಿಕ್ಷಕ ಗಂಡಸು, ಸರಿಯಾದ ಸಮಯಕ್ಕೆ ಬರುತ್ತಾನೆ, ಸದಾ ನಗುತ್ತಾನೆ. ಮೊದಲ ಸಾಲು ಬರೆದೆ. ಎರಡನೆಯದಕ್ಕೆ ಕೈ ಏಳಲಿಲ್ಲ. ಎಂಟು ತಿಂಗಳು ದಿನಾ ಸಂಜೆ ನನಗಾಗಿ ಗಂಟಲು ಹರಿದುಕೊಂಡವರು ಒಬ್ಬರು, ನಾನು ಹೊಗಳುವುದು ಹುಟ್ಟಿಯೇ ಇಲ್ಲದ ಇನ್ನೊಬ್ಬನನ್ನು! ಗೈಡಿನ ಸಾಲಿನ ಮೇಲೆ ಗೀಟು ಹೊಡೆದೆ. ನನಗೆ ಬರುವ ಇಂಗ್ಲಿಷಿನಲ್ಲಿ, ಯಾರ ಸಹಾಯವೂ ಇಲ್ಲದೆ, ನನ್ನದೇ ಏಳೆಂಟು ಸಾಲು ಬರೆದು ಕೊಟ್ಟು ಬಂದೆ.

ಸಂಜೆ ಚಾಂದನಿಯ ಮೂಲಕ ವಿಚಾರಣೆಯಾಯಿತು. ಪ್ರಬಂಧ ಯಾವುದು ಕೊಟ್ಟಿದ್ದರಂತೆ? ಶಿಕ್ಷಕರ ಮೇಲೆ. "ಹಂಗಾರ ಬಾಯಿಪಾಠ ಇತ್ತಲ್ಲಾ, ಐದಕ್ಕ ಐದು ಬಂದಂಗ" ಎಂದು ಭಾಬಿ ಆಡಿನ ಬೆನ್ನು ತಟ್ಟಿದರು. ನಾನು ಗೈಡನ್ನು ಕೌದಿಯ ಕೆಳಗೆ ಸರಿಸಿದೆ.

ಫಲಿತಾಂಶ ಬಂತು. ಐದು ವಿಷಯ ಪಾಸು. ಇಂಗ್ಲಿಷಿನಲ್ಲಿ ಮೂರು ಅಂಕ ಕಡಿಮೆ. ಸಾನಿಯಾ ಅತ್ತಳು. ನಾನು ಅಳಲಿಲ್ಲ, ಪಾತ್ರೆ ತೊಳೆಯಲು ಹೋದೆ, ತೊಳೆದಿಟ್ಟಿದ್ದನ್ನೂ ಇನ್ನೊಮ್ಮೆ ತೊಳೆದೆ. ಆಮೇಲೆ ಕೈ ಒರೆಸಿಕೊಂಡು ಬಂದು, "ಮತ್ತ ಪರೀಕ್ಷಾ ಯಾವಾಗ ಐತಿ ನೋಡು. ಇವತ್ತ ಅರ್ಜಿ ತುಂಬು" ಎಂದೆ. ಯಜಮಾನರು ಏನೋ ಹೇಳಲು ಬಂದರು, ನನ್ನ ಮುಖ ನೋಡಿ ಅಂಗಡಿಗೆ ಹೋದರು. ಮೂರು ಅಂಕವಲ್ಲ, ಮೂವತ್ತು ಕಡಿಮೆ ಬಂದಿದ್ದರೂ ನಾನು ಆ ಗೆರೆಯನ್ನು ಹಾಗೇ ಬಿಡುವವಳಲ್ಲ. ಆದರೆ ಗೋಡೆಯಾಚೆ ದನಿ ಇರಲಿಲ್ಲ. ಐದಾರು ಸಂಜೆ ಭಾಬಿ ಹಿತ್ತಿಲಿಗೇ ಬರಲಿಲ್ಲ, ಚಾಂದನಿಗೆ ಅವರ ಯಜಮಾನರು ಬಂದು ಸೊಪ್ಪು ಹಾಕಿದರು. ನನ್ನ ಮೇಲೆ ಬೇಜಾರಾಗಿದೆ ಎಂದುಕೊಂಡೆ. ಫೇಲಾದ ನೋವಿಗಿಂತ ಅದೇ ಹೆಚ್ಚಾಯಿತು, ಇದು ನನಗೇ ಆಶ್ಚರ್ಯ.

ವಾರದ ಹೊತ್ತಿಗೆ ಸಾನಿಯಾ ಒಂದು ಕೆಲಸ ಮಾಡಿದಳು, ನನ್ನನ್ನು ಕೇಳದೆ. ಉತ್ತರ ಪತ್ರಿಕೆಯ ಪ್ರತಿ ತರಿಸಿಕೊಳ್ಳಬಹುದಂತೆ. ತರಿಸಿ, ಪ್ರಿಂಟು ತೆಗೆಸಿ, ಎಲ್ಲಿ ಅಂಕ ಹೋದವು ಎಂದು ದೊಡ್ಡಮ್ಮನೇ ನೋಡಲಿ ಎಂದು ಗೋಡೆಯ ಮೇಲೆ ಇಟ್ಟಳಂತೆ, ನಾವು ತಟ್ಟೆ ಇಡುವ ಹಾಗೆ. ನಾನು ಸಂತೆಯಿಂದ ಬರುವಷ್ಟರಲ್ಲಿ ಗೋಡೆ ಖಾಲಿ.

"ಅದನ್ಯಾಕ ಇಟ್ಟಿ? ಯಾರ ಇಡು ಅಂದ್ರು?" ಎಂದು ಕೂಗಿದೆ. ಮಗಳಿಗೆ ಅರ್ಥವಾಗಲಿಲ್ಲ. ಹೇಗೆ ಆಗಬೇಕು? ಆ ಏಳೆಂಟು ಸಾಲು ನಾನು ಪರೀಕ್ಷೆಯ ಕಾಗದಕ್ಕೆ ಹೇಳಿದ್ದು. ಎಲ್ಲಿಯೋ ಕೂತ, ನನ್ನನ್ನು ಎಂದೂ ನೋಡದ ಮಾಸ್ತರರು ಓದಿ ಅಂಕ ಹಾಕಿ ಮರೆಯಲಿ ಎಂದು ಬರೆದದ್ದು. ಭಾಬಿಯ ಕೈಗೆ ಹೋಗಲೆಂದು ಬರೆದದ್ದಲ್ಲ. ಏನೆಂದು ಬರೆದಿದ್ದೆನೋ ಅದನ್ನು ಬರೆದ ಹಾಗೆಯೇ ಹೇಳುತ್ತೇನೆ, ತಪ್ಪುಗಳು ನಿಮಗೂ ಸಿಕ್ಕಾವು:

"ಮೈ ಟೀಚರ್ ಈಸ್ ಮೈ ಭಾಬಿ. ನೈನ್ ಇಯರ್ ನೋ ಟಾಕ್. ಶಿ ಕಮ್ ಟೂ ಬಸ್, ಟಾಯರ್ಡ್, ದೆನ್ ಟೀಚ್ ಮಿ. ಶಿ ಟೆಲ್ ಗೋಟ್, ಐ ಲಿಸನ್. ದಿಸ್ ಈಸ್ ನಾಟ್ ವಾರ್. ಐ ಸೀ ಇಲೆವನ್ ವರ್ಡ್, ಐ ನಾಟ್ ಗೆಟ್. ಇಫ್ ಐ ಪಾಸ್, ಐ ಟಾಕ್ ಫಸ್ಟ್."

ಒಂಬತ್ತು ವರ್ಷ ನಮ್ಮ ನಡುವೆ ಮಾತಿಲ್ಲ. ಎರಡು ಬಸ್ಸು ಹಿಡಿದು ದಣಿದು ಬಂದು ನನಗೆ ಕಲಿಸುತ್ತಾರೆ. ಇದು ಯುದ್ಧವಲ್ಲ, ಹನ್ನೊಂದು ಶಬ್ದದಲ್ಲಿ ಹುಡುಕಿದೆ, ಸಿಗಲಿಲ್ಲ. ನಾನು ಪಾಸಾದರೆ ನಾನೇ ಮೊದಲು ಮಾತಾಡುತ್ತೇನೆ. ಇಷ್ಟೇ ನಾನು ಹೇಳಿದ್ದು. ಟೀಚರ ಮುಂದೆ ಬಾಯಿ ಬಿಡಬಾರದೆಂಬ ನನ್ನ ಎರಡನೆಯ ಹಟ ಪರೀಕ್ಷೆಯ ಕೋಣೆಯಲ್ಲೇ ಮುರಿದುಹೋಗಿತ್ತು. ಪಾಸಾಗಲಿಲ್ಲವಾದ್ದರಿಂದ ಆ ಮಾತು ನನ್ನಲ್ಲೇ ಉಳಿದಿತ್ತು.

ತಲೆ ತಗ್ಗಿಸಿ ಹಿತ್ತಿಲಲ್ಲಿ ಕೂತಿದ್ದೆ. ಗೋಡೆಯ ಕಡೆಯಿಂದ ಸದ್ದಿಲ್ಲ. ಬೀದಿಯ ಬಾಗಿಲು ಕಿರ್ರೆಂದಿತು. ಭಾಬಿ ನಮ್ಮ ಮನೆಯೊಳಗಿನಿಂದ ನಡೆದು ಹಿತ್ತಿಲಿಗೆ ಬಂದರು. ಒಂದು ಕೈಯಲ್ಲಿ ಆ ಕಾಗದ, ಇನ್ನೊಂದರಲ್ಲಿ ಶಾಲೆಯ ಕೆಂಪು ಪೆನ್ನು. ನಾನು ಎದ್ದು ನಿಂತೆ. ಚಾಂದನಿ ಗೋಡೆಯಾಚೆ ಒದರುತ್ತಿತ್ತು, ಅದರ ಕಡೆ ಅವರು ತಿರುಗಿ ನೋಡಲಿಲ್ಲ. ನನ್ನ ಮುಖ ನೋಡಿದರು.

"ಇದಕ್ಕ ಐದಕ್ಕ ಎರಡು ಕೊಟ್ಟಾರ," ಎಂದರು. "ನಾ ತಿದ್ದಿದ್ರೂ ಎರಡ ಕೊಡ್ತಿದ್ನಿ. ಸಾಲಿಗೊಂದು ತಪ್ಪೈತಿ. ಗೈಡಿನಾಗಿಂದು ಬರೆದಿದ್ರ ಐದಕ್ಕ ಐದು ಬರ್ತಿತ್ತು, ಇವತ್ತ ನೀ ಪಾಸ್ ಆಗಿರ್ತಿದ್ದಿ. ಗೊತ್ತೈತೇನು?"

"ಗೊತ್ತೈತ್ರಿ ಭಾಬಿ," ಎಂದೆ. "ತಿದ್ದಿ ಕೊಡ್ರಿ. ಮುಂದಿನ ಸಲ ಸರಿಯಾಗಿ ಬರೀತೇನಿ. ಪಾಸ್ ಆಗಿ ಬಂದ ಮ್ಯಾಲ ನಾನ..."

ಭಾಬಿ ಪೆನ್ನಿನ ಟೊಪ್ಪಿಗೆ ಹಾಕಿ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಕಾಗದವನ್ನು ನಾಲ್ಕು ಮಡಿಕೆ ಮಾಡಿ ತಮ್ಮ ಪರ್ಸಿನಲ್ಲಿ ಇಟ್ಟುಕೊಂಡರು, ನನಗೆ ವಾಪಸು ಕೊಡಲಿಲ್ಲ. ಒಂದು ತಪ್ಪನ್ನೂ ತಿದ್ದಿರಲಿಲ್ಲ.

"ನೀ ಪಾಸ್ ಆಗೇ ಆಗ್ತಿ," ಎಂದರು. "ಆದ್ರ ಆ ಮೂರು ಮಾರ್ಕ್ಸ್ ಬರೂತನಾ ಕಾಯಾಕ ನನಗ ಆಗೂದಿಲ್ಲ, ಶಮ್ಮಾ."